ಹಿಂದಿನ ಸೀಟಿನ ‘ಬಾ’

ನಮ್ಮ ನಾಯಿಗೆ ಹೆಸರಿಲ್ಲ. ಇಡಬಾರದು ಅಂತಲ್ಲ, ಇಡುವುದರೊಳಗೆ ತಡವಾಗಿಹೋಯಿತು. ಗುಬ್ಬಿಯಲ್ಲಿ ಅಣ್ಣನ ತೆಂಗಿನ ತೋಟದ ಪಂಪ್‌ಹೌಸಿನ ಹಿಂದೆ ಹುಟ್ಟಿದ ಕಂದು ಬಣ್ಣದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತುಮಕೂರಿಗೆ ತಂದ ದಿನವೇ ಮನೆಯಲ್ಲಿ ಹೆಸರಿನ ಜಗಳ ಶುರುವಾಯಿತು. ನಾನು ಹೇಳಿದ ಹೆಸರು ನನ್ನ ಗಂಡನಿಗೆ ಹಿಡಿಸಲಿಲ್ಲ. ಅವರು ಹೇಳಿದ್ದು ಬಿಸ್ಕತ್ತಿನ ಹೆಸರಿನ ಹಾಗಿದೆ ಅಂತ ನಾನು ಒಪ್ಪಲಿಲ್ಲ. ಇಬ್ಬರೂ ಹಟಮಾರಿಗಳು, ಅದರಲ್ಲಿ ನಾನು ಒಂದು ಕೈ ಮೇಲೆ. ಗುಬ್ಬಿಗೆ ಫೋನು ಮಾಡಿ ಅಮ್ಮನನ್ನು ಕೇಳಿದರೆ, “ನಾಯಿಗೆಂಥ ಹೆಸರು ಕಣೆ? ಬಾ ಅಂದ್ರೆ ಬರ್ತೈತೆ, ಸಾಕು ಬುಡು” ಅಂದಳು.

ನಮ್ಮ ಜಗಳ ಮುಗಿಯುವಷ್ಟರಲ್ಲಿ ಮರಿ ತಾನೇ ತೀರ್ಮಾನ ಮಾಡಿಕೊಂಡಿತ್ತು. ಹಾಲಿನ ಬಟ್ಟಲು ಇಟ್ಟು ‘ಬಾ’, ಸ್ನಾನಕ್ಕೆ ‘ಬಾ’, ಚಪ್ಪಲಿ ಕಚ್ಚಿ ಹಾಕಿದಾಗ ‘ಬಾ ಇಲ್ಲಿ’. ತನ್ನ ಮುಖ ನೋಡಿ ಎಲ್ಲರೂ ಹೇಳುತ್ತಿದ್ದ ಮಾತು ಅದೊಂದೇ. ಅದೇ ತನ್ನ ಹೆಸರು ಅಂದುಕೊಂಡ. ಪಶು ಆಸ್ಪತ್ರೆಯಲ್ಲಿ ಲಸಿಕೆಯ ಚೀಟಿ ಬರೆಯುತ್ತಿದ್ದ ಡಾಕ್ಟರು ತಲೆ ಎತ್ತದೆ “ಹೆಸರು?” ಅಂದರು. ನಾನು “ಬಾ” ಅಂದೆ. ಏಕವಚನದಲ್ಲಿ ಕರೆದಳಲ್ಲ ಅಂತ ಮುಖ ಊದಿಸಿಕೊಂಡು ಅವರು ಮೇಜು ಸುತ್ತಿ ನನ್ನ ಹತ್ತಿರ ಬಂದು ನಿಂತರು. “ನೀವಲ್ಲ ಸಾರ್, ಇವನು” ಅಂದ ಮೇಲೆ ನಕ್ಕು, ಚೀಟಿಯಲ್ಲಿ ಹಾಗೇ ಬರೆದುಕೊಂಡರು.

ಕನ್ನಡದವರ ಮನೆಯಲ್ಲಿ ನಾಯಿಗೆ ಇಂಥ ಹೆಸರಿದ್ದರೆ ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಪಕ್ಕದ ಮನೆಯಾಕೆ ಮಗನನ್ನು ಊಟಕ್ಕೆ ಕರೆದರೆ ನಮ್ಮವನು ಗೇಟಿಗೆ ಓಡುತ್ತಾನೆ. ಟೀವಿ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ‘ಬಾರೆ ಇಲ್ಲಿ’ ಅಂದರೆ ಸೊಸೆಗಿಂತ ಮೊದಲು ಇವನು ಟೀವಿ ಮುಂದೆ ಹಾಜರು. ತಳ್ಳುಗಾಡಿಯವನು ಬಾಳೆಹಣ್ಣು ಅಂತ ಕೂಗಿದರೂ ಅರ್ಧ ದಾರಿ ಹೋಗಿ, ಮೋಸ ಹೋದ ಮುಖ ಮಾಡಿಕೊಂಡು ವಾಪಸ್ಸಾಗುತ್ತಾನೆ. ‘ಬನ್ನಿ’ ಅಂದರೆ ಮಾತ್ರ ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಆ ಮರ್ಯಾದೆ ತನಗೆ ಸೇರಿದ್ದಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಕ್ಲಾಸಿನ ಕೆಲವರಿಗಿಂತ ಇವನಿಗೆ ಏಕವಚನ ಬಹುವಚನದ ಜ್ಞಾನ ಜಾಸ್ತಿ.

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಗುಬ್ಬಿಗೆ ಹೋಗುವುದು ಮದುವೆಯಾದಾಗಿನಿಂದಲೂ ಇರುವ ರೂಢಿ. ಅಮ್ಮ ಇರುವ ಅಣ್ಣನ ಮನೆ ಯಾವಾಗಲೂ ಜನರಿಂದ ತುಂಬಿರುತ್ತದೆ, ಹಾಗಾಗಿ ಒಂಟಿಯಾಗಿ ಅವಳಿಗೆ ಬೇಜಾರಾಗುತ್ತದೆ ಅಂತ ನಾನು ಹೋಗುವುದಲ್ಲ. ವಾರಕ್ಕೊಮ್ಮೆ ಅವಳ ಬಾಯಲ್ಲಿ ಬೈಸಿಕೊಳ್ಳದಿದ್ದರೆ ನನಗೆ ವಾರ ಮುಗಿದ ಹಾಗೆ ಅನ್ನಿಸುವುದಿಲ್ಲ, ಅದಕ್ಕೆ. ನಾಯಿಯನ್ನು ಮನೆಯಲ್ಲಿ ಬಿಟ್ಟರೆ ಶಿರಾ ಗೇಟ್‌ವರೆಗೂ ಕೇಳುವ ಹಾಗೆ ಊಳಿಡುತ್ತಿದ್ದ. ಹಾಗಾಗಿ ಅವನೂ ಕಾರು ಹತ್ತಿದ. ಆಗೆಲ್ಲ ಅವನಿಗೆ ಬೆಲ್ಟೂ ಇಲ್ಲ ಗಿಲ್ಟೂ ಇಲ್ಲ. ಹಿಂದಿನ ಸೀಟಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, ಕಿಟಕಿಯಿಂದ ತಲೆ ಆಚೆ ಹಾಕಿ ಗಾಳಿ ಕುಡಿಯುತ್ತ ಬರುತ್ತಿದ್ದ. ಸಿಗ್ನಲ್ಲಿನಲ್ಲಿ ಬೈಕಿನವರು ಅವನಿಗೆ ಕೈ ಬೀಸುತ್ತಿದ್ದರು, ನಾನು ಹೆಮ್ಮೆಪಡುತ್ತಿದ್ದೆ.

ನನ್ನ ಗಂಡ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಹೆಲ್ಮೆಟ್ ಹಾಕದವರನ್ನು ಗೇಟಿನಿಂದಲೇ ವಾಪಸ್ ಕಳಿಸುವುದು, ಗೋಡೆಗೆ ಎಚ್ಚರಿಕೆಯ ಬೋರ್ಡು ಹಾಕಿಸುವುದು ಅವರ ಕೆಲಸ. “ನಾಯಿನ ಹಿಂಗೆ ಬಿಟ್ಕೊಂಡು ಓಡಿಸ್ಬೇಡ ಕಣೇ” ಅಂತ ಒಂದೆರಡು ಸಲ ಹೇಳಿದ್ದರು. ಮನೆಯಲ್ಲೂ ಬೋರ್ಡು ಹಾಕಬೇಡಿ ಅಂತ ಬಾಯಿ ಮುಚ್ಚಿಸಿದ್ದೆ.

ಇನ್ನು ನಮ್ಮ ಕಡೆಯ ಬೀಳ್ಕೊಡುಗೆ. ‘ಹೊರಟೆ’ ಅಂತ ಎದ್ದು ನಿಲ್ಲುವುದಕ್ಕೂ ಕಾರು ಹೊರಡುವುದಕ್ಕೂ ನಡುವೆ ಇನ್ನೊಂದು ಕಾಫಿ ಆಗುತ್ತದೆ. ಕಾರಿನಲ್ಲಿ ಕೂತ ಮೇಲೆ ಕಿಟಕಿ ಇಳಿಸಲೇಬೇಕು, ಮನೆಯಲ್ಲಿ ಮರೆತ ಮಾತೆಲ್ಲ ಆಗಲೇ ನೆನಪಾಗುವುದು. ಕಿಟಕಿಯಿಂದಲೇ ಸಾರಿನ ಪುಡಿ, ನುಗ್ಗೆಕಾಯಿ, ಹುರುಳಿಕಾಳು ಒಳಗೆ ಬರುತ್ತವೆ. ಕೊನೆಗೆ ಅಮ್ಮ ನನ್ನ ಗಂಡನ ಕಡೆಯ ಕಿಟಕಿಗೆ ಹೋಗಿ, “ಹೋಗ್ಬುಟ್ಟು ಬನ್ನಿ” ಅನ್ನುತ್ತಾಳೆ. ಅಳಿಯನಿಗೆ ಬಹುವಚನ. ಆಮೇಲೆ ಸುತ್ತಿ ನನ್ನ ಕಡೆ ಬಂದು, “ಹುಷಾರಾಗಿ ಹೋಗ್ಬುಟ್ಟು ಬಾ, ಮಗ” ಅನ್ನುತ್ತಾಳೆ. ಅವಳು ಪಕ್ಕದಲ್ಲೇ ಇರುತ್ತಿದ್ದರಿಂದ, ಹಿಂದಿನ ಸೀಟಿನವನು ಕಿಟಕಿಯಿಂದ ಮೂತಿ ಚಾಚಿ ಅವಳ ಕೈ ನೆಕ್ಕಿದರೆ ಅವನ ಮಟ್ಟಿಗೆ ಬಂದ ಹಾಗೇ. ಆ ಮಾತು ಹೇಳಿಸಿಕೊಳ್ಳದೆ ನಾನು ಆ ಮನೆಯಿಂದ ಹೊರಟವಳೇ ಅಲ್ಲ, ಒಂದು ದಿನ ಬಿಟ್ಟು. ಚಿಕ್ಕವಳಿದ್ದಾಗ ಅಮ್ಮ ಕೆಲಸದಲ್ಲಿದ್ದು ಹೇಳುವುದು ಮರೆತರೆ, ಬೀದಿಯ ಕೊನೆಯಿಂದ ವಾಪಸ್ ಬಂದು ಹೇಳಿಸಿಕೊಂಡು ಸ್ಕೂಲಿಗೆ ಓಡುತ್ತಿದ್ದೆ.

ಅದೊಂದು ಶನಿವಾರ. ಬಹುಮಟ್ಟಿಗೆ ಎಲ್ಲ ಹೀಗೇ ನಡೆದಿತ್ತು. ನಾನೇ ಓಡಿಸುತ್ತಿದ್ದೆ, ಗಂಡ ಪಕ್ಕದಲ್ಲಿದ್ದರು, ನಾಯಿ ಹಿಂದೆ ತೆಂಗಿನಕಾಯಿ ಚೀಲದ ಮೇಲೆ ಮುಂಗಾಲು ಊರಿಕೊಂಡು ನಿಂತಿದ್ದ. ಕಿಟಕಿಗಳೆಲ್ಲ ಪೂರ್ತಿ ಇಳಿದಿದ್ದವು. ಮಾತಿನ ಭರದಲ್ಲಿ ಅಮ್ಮ ನನಗೆ ಹೇಳಬೇಕಾದ್ದನ್ನು ಹೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಕಾರು ಹೊರಟು ರಸ್ತೆಗೆ ತಿರುಗುವಾಗ ಅವಳಿಗೆ ನೆನಪಾಯಿತು. ಹಿಂದಿನಿಂದ ಜೋರಾಗಿ ಕೂಗಿದಳು: “ಹೋಗ್ಬುಟ್ಟು ಬಾ, ಮಗ.”

ಅವನು ಚೀಲದ ಮೇಲಿಂದ ಚಿಮ್ಮಿ ಕಿಟಕಿಯಿಂದ ಆಚೆ ಹಾರಿದ.

ಎದುರಿನಿಂದ ಎಳನೀರು ತುಂಬಿದ ಟೆಂಪೊ ಬರುತ್ತಿತ್ತು. ಅದರ ಬ್ರೇಕಿನ ಸದ್ದು ಕೇಳಿ ನಾನು ಕಣ್ಣು ಮುಚ್ಚಿಬಿಟ್ಟೆ. ತೆಗೆದಾಗ ರಸ್ತೆ ತುಂಬ ಎಳನೀರು ಉರುಳುತ್ತಿದ್ದವು. ಅವುಗಳ ನಡುವೆ ನಮ್ಮವನು ಒಂದು ಮುಂಗಾಲು ಎತ್ತಿಕೊಂಡು, ಕುಂಟುತ್ತ ಕುಂಟುತ್ತ ಅಮ್ಮನ ಕಡೆಗೇ ಹೋಗುತ್ತಿದ್ದ. ಅವಳ ಕಾಲ ಹತ್ತಿರ ಕೂತು ಮುಖ ನೋಡಿ ಬಾಲ ಆಡಿಸಿದ. ಕರೆದರು, ಬಂದ. ಅವನ ಪ್ರಕಾರ ಅಲ್ಲಿ ಆದದ್ದು ಅಷ್ಟೇ. ಅಮ್ಮ ಅಲ್ಲೇ ರಸ್ತೆಯ ಪಕ್ಕ ಕುಸಿದು ಕೂತು ಅವನನ್ನು ತಬ್ಬಿಕೊಂಡಳು. “ನಾಯಿ ಕಟ್ಟಾಕ್ಕಳಕ್ಕೆ ಆಗಲ್ವೇನ್ರಮ್ಮ?” ಅಂತ ಟೆಂಪೊದವನು ಬೈಯುತ್ತಿದ್ದ. ನಾವು ಎಳನೀರು ಆರಿಸಿಕೊಟ್ಟೆವು.

ಹಾರಿ ಬಿದ್ದ ರಭಸಕ್ಕೆ ಮೂಳೆಯಲ್ಲಿ ಸಣ್ಣ ಬಿರುಕು, ಕಾಲಿಗೆ ಬ್ಯಾಂಡೇಜು. ಅದು ವಾಸಿಯಾಗುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ನನ್ನ ಗಂಡ ಮನೆಯಲ್ಲಿ ಸಭೆ ಕರೆದರು. ಸಭೆಯಲ್ಲಿ ನಾನು, ಅವರು ಮತ್ತು ಬ್ಯಾಂಡೇಜು ನೆಕ್ಕುತ್ತಿದ್ದ ಆರೋಪಿ. “ನೋಡು, ಕಾರಲ್ಲಿ ಇವ್ನು ಸೇಫಾಗಿ ಕೂರೋ ಹಾಗಾದ್ರೆ ನಮ್ಮ ಜೊತೆ ಇರ್ಲಿ. ಇಲ್ಲ ಅಂದ್ರೆ ಗುಬ್ಬಿ ತೋಟದಲ್ಲೇ ಬಿಟ್ಬಿಡೋಣ. ಹುಟ್ಟಿದ ಜಾಗ, ಆರಾಮಾಗಿರ್ತಾನೆ” ಅಂದರು. ಹೇಳುವಾಗ ಅವರ ಕೈ ನಾಯಿಯ ತಲೆ ಮೇಲೇ ಇತ್ತು, ಆದರೂ ಮಾತು ಗಟ್ಟಿಯಾಗಿತ್ತು. ನಾನು ಎದ್ದು ಅಡುಗೆ ಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದೆ. ಅವನಿಲ್ಲದ ಮನೆಯನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಮುಂದಿನ ಶನಿವಾರ ನಾನೊಬ್ಬಳೇ ಗುಬ್ಬಿಗೆ ಹೋದೆ. ಹೊರಡುವಾಗ ಅಮ್ಮ ಗೇಟಿನ ಹತ್ತಿರ ಬಂದು ನಿಂತಳು. ನಾನು ಕಾದೆ. ಅವಳು “ಹ್ಞೂಂ, ಸರಿ” ಅಂದಳು.

“ಸರೀನಾ? ಅಷ್ಟೇನಾ?” ಅಂದೆ.

“ನನ್ನ ಬಾಯಿಂದ ಆ ಮಾತು ಬ್ಯಾಡ ಕಣಮ್ಮ. ಮೂಕಪ್ರಾಣಿ ಕಾಲು ಮುರೀತು.”

“ಈಗ ಅವನು ಕಾರಲ್ಲಿ ಇಲ್ವಲ್ಲಮ್ಮ.”

“ಇಲ್ದೆ ಇದ್ರೂ ಬ್ಯಾಡ. ನಾಲಿಗೆಗೆ ಅಭ್ಯಾಸ ತಪ್ಲಿ.”

ಹಟ ನನಗೆ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ. ಆಮೇಲಿನ ವಾರಗಳಲ್ಲಿ ಅವಳು ಒಂದೊಂದೇ ಹೊಸ ಮಾತು ಹುಡುಕಿದಳು. ‘ಹೋಗು’ ಅನ್ನುವಂತಿಲ್ಲ, ಹೊರಟವರಿಗೆ ಬರೀ ‘ಹೋಗು’ ಅನ್ನುವುದು ಅಪಶಕುನ. ‘ಹುಷಾರು’ ಅಂದು ನೋಡಿದಳು. ಒಂದು ಸಲ ಅಣ್ಣನ ಮೊಮ್ಮಗಳಿಂದ ಕಲಿತು ‘ಟಾಟಾ’ ಅಂದಳು, ಅಂದು ತಾನೇ ನಾಚಿಕೊಂಡಳು. ಕೊನೆಗೆ ಅವಳಿಗೆ ದಾರಿ ಸಿಕ್ಕಿತು. ‘ಬನ್ನಿ’ ಅಂದರೆ ನಾಯಿ ಅಲ್ಲಾಡುವುದಿಲ್ಲವಲ್ಲ. ಸರಿ, ನನಗೂ “ಹೋಗ್ಬುಟ್ಟು ಬನ್ನಿ” ಅನ್ನತೊಡಗಿದಳು.

“ನಾನೇನು ತಾಲ್ಲೂಕಾಫೀಸಿನಿಂದ ಬಂದಿದೀನಾ?” ಅಂತ ರೇಗಿದೆ. ಅಮ್ಮ ನಕ್ಕಳು, ಆದರೆ ಮಾತು ಬದಲಿಸಲಿಲ್ಲ. ದಾರಿಯುದ್ದಕ್ಕೂ ನನಗೆ ನಗುವೂ ಬಂತು, ಒಂಥರಾ ಸಂಕಟವೂ ಆಯಿತು. ಹೆತ್ತವಳ ಬಾಯಲ್ಲಿ ಬಹುವಚನ ಕೇಳಿದರೆ ಯಾರದೋ ಮನೆಗೆ ಹೋಗಿ ಬಂದ ಹಾಗಿರುತ್ತದೆ.

ಇತ್ತ ತುಮಕೂರಿನಲ್ಲಿ ಬ್ಯಾಂಡೇಜು ಬಿಚ್ಚಿದ ಮೇಲೆ ಸೇಫ್ಟಿ ಆಫೀಸರರ ಕಾರ್ಯಕ್ರಮ ಶುರುವಾಯಿತು. ಮೊದಲು ನಾನು ಶಿರಾ ಗೇಟಿನ ಅಂಗಡಿಯೊಂದರಿಂದ ಕೊರಳ ಪಟ್ಟಿಗೆ ಸಿಕ್ಕಿಸುವ ಸರಪಳಿ ತಂದೆ. ಅವರು ನೋಡಿದವರೇ ತೆಗೆದಿಟ್ಟರು. ಸಡನ್ನಾಗಿ ಬ್ರೇಕ್ ಹಾಕಿದರೆ ಕೊರಳಿಗೇ ಉರುಳಾಗುತ್ತದೆ, ಎದೆಗೆ ಹಾಕುವ ಬೆಲ್ಟೇ ಆಗಬೇಕು ಅಂದರು. ಅದನ್ನು ಆನ್‌ಲೈನಿನಲ್ಲಿ ತರಿಸಿದರು. ಬಂದದ್ದು ಕರುವಿಗೆ ಹಾಕುವಷ್ಟು ದೊಡ್ಡದು. ನಮ್ಮವನು ಅದನ್ನು ಹಾಕಿಸಿಕೊಂಡು ಒಂದು ಸಲ ಮೈ ಕೊಡವಿ, ಅಂಗಿ ಬಿಚ್ಚಿಟ್ಟವರ ಹಾಗೆ ಆಚೆ ಬಂದ. “ಅಳತೆ ಯಾರು ತಗೊಂಡಿದ್ದು?” ಅಂತ ಕೇಳಿದೆ. ಕೊನೆಗೆ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಗೆ ಒಯ್ದು ಚಿಕ್ಕದು ಮಾಡಿಸಿದೆವು. ಎದೆಯ ಸುತ್ತ ಎರಡು ಬೆರಳು ತೂರುವಷ್ಟು ಸಡಿಲ, ಅದಕ್ಕೊಂದು ಗಿಡ್ಡ ಪಟ್ಟಿ, ಪಟ್ಟಿಯ ತುದಿ ಸೀಟ್ ಬೆಲ್ಟಿನ ಬಕಲ್ಲಿಗೆ. ಕೂರಬಹುದು, ಮಲಗಬಹುದು, ಕಿಟಕಿ ಮುಟ್ಟಲಾಗದು.

ಅಭ್ಯಾಸ ಕಾಂಪೌಂಡಿನೊಳಗೇ ನಡೆಯಿತು. ಕಾರು ಸ್ಟಾರ್ಟ್ ಮಾಡದೆ ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿ, ಬೆಲ್ಟ್ ಹಾಕಿ, ತಿಂಡಿ ಕೊಟ್ಟು ಇಳಿಸುವುದು. ಆಮೇಲೆ ಇಂಜಿನ್ ಸದ್ದು. ಆಮೇಲೆ ಬೀದಿಯ ಕೊನೆಯವರೆಗೆ. ಅವನಿಗೆ ಇದೆಲ್ಲ ಹಬ್ಬ. ಗಂಡ ‘ಬಾ’ ಬದಲು ‘ಕಮ್’ ಅಂತ ಕಲಿಸಲೂ ನೋಡಿದರು. ನಾಯಿ ಅವರನ್ನು ಕನಿಕರದಿಂದ ನೋಡಿತು. ಇಂಗ್ಲಿಷ್ ಮೀಡಿಯಂಗೆ ಸೇರುವ ಪೈಕಿ ಅಲ್ಲ ಇವನು ಅಂತ ನಾನಂದೆ. ಕಾರಿನ ಆಚೆ ನಿಂತು ‘ಬಾ’ ಅಂದರೆ ಪ್ರತಿ ಸಲವೂ ಚಿಮ್ಮುತ್ತಿದ್ದ, ಪ್ರತಿ ಸಲವೂ ಪಟ್ಟಿ ಎಳೆದು ಕೂರಿಸುತ್ತಿತ್ತು. ಕರೆದರೆ ಬರಬೇಡ ಅಂತ ಅವನಿಗೆ ಕಲಿಸಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಕಲಿಸಲು ನನಗೆ ಮನಸ್ಸೂ ಬರಲಿಲ್ಲ.

ಮೊದಲ ಪ್ರಯಾಣ ಹತ್ತಿರದ ಬೆಳ್ಳಾವಿಯವರೆಗೆ. ಹೊರಡುವ ಮುಂಚೆ ಪ್ರೀತಿಯಿಂದ ಹೊಟ್ಟೆ ತುಂಬ ಮೊಸರನ್ನ ಹಾಕಿದ್ದೆ. ಅದಷ್ಟೂ ಹೊಸ ಸೀಟ್ ಕವರಿನ ಮೇಲೆ ವಾಪಸ್ ಬಂತು. ಅಂದಿನಿಂದ ಊಟ ಊರು ತಲುಪಿದ ಮೇಲೆ, ದಾರಿಯಲ್ಲಿ ನಿಲ್ಲಿಸಿ ನೀರು ಮಾತ್ರ. ಇನ್ನೊಂದು ಕಟ್ಟಳೆಯನ್ನೂ ಗಂಡ ಹಾಕಿದರು: ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಅವನನ್ನು ಒಂದು ನಿಮಿಷವೂ ಬಿಡಬಾರದು. ಹೋಟೆಲಿನಲ್ಲಿ ನಾನು ಇಡ್ಲಿ ತಿನ್ನುವಾಗ ಅವರು ಮರದ ನೆರಳಿನಲ್ಲಿ ನಾಯಿ ಹಿಡಿದು ನಿಲ್ಲುತ್ತಾರೆ, ಅವರು ತಿನ್ನುವಾಗ ನಾನು. ಜೊತೆಯಲ್ಲಿ ಕೂತು ಕಾಫಿ ಕುಡಿಯುವ ಭಾಗ್ಯ ಅಲ್ಲಿಗೆ ಮುಗಿಯಿತು.

ಆಮೇಲೆ ಕುಣಿಗಲ್. ಅದು ಗಂಡನ ಊರು. ನಮ್ಮ ಮಾವನವರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದವರು ಕಾರಿನೊಳಗೆ ಇಣುಕಿ ನೋಡಿ, “ಏನ್ಲಾ, ನಾಯಿಗೂ ಬೆಲ್ಟ್ ಬಿಗ್ದಿದೀಯ?” ಅಂತ ಮಗನನ್ನು ಕೇಳಿದರು. ಬೀದಿಯವರೆಲ್ಲ ಬಂದು ನೋಡಿ ನಕ್ಕರು. “ಬುಡ್ರಲಾ, ನಗಬ್ಯಾಡ್ರಿ. ನಮ್ಮೂರ ಫಾರಮ್ಮಿನ ರೇಸ್ ಕುದುರೆ ಸಾಗಿಸೋವಾಗ ಎಷ್ಟು ಜೋಪಾನ ಮಾಡ್ತಾರೆ, ನೋಡಿಲ್ವಾ?” ಅಂತ ಆಮೇಲೆ ಅವರೇ ಎಲ್ಲರಿಗೂ ಸಮಜಾಯಿಷಿ ಕೊಟ್ಟರು. ಮಾರನೆಯ ದಿನ ನಮ್ಮ ಜೊತೆ ತುಮಕೂರಿಗೆ ಹೊರಟ ಮಾವನವರು ಮುಂದಿನ ಸೀಟಿನಲ್ಲಿ ಆರಾಮಾಗಿ ಕಾಲು ಮಡಿಸಿ ಕೂತರು. ಬೆಲ್ಟ್ ಹಾಕಿಕೊಳ್ಳುವುದು ಅವರ ಪ್ರಕಾರ ಪೊಲೀಸರು ಕಂಡಾಗ ಮಾತ್ರ. ನಾನು ಹಿಂದಿನಿಂದ ಮೆಲ್ಲಗೆ, “ಮಾವ, ನಾಯಿ ಹಾಕ್ಕೊಂಡಿದೆ” ಅಂದೆ. ಅವರು ತಿರುಗಿ ನೋಡಿದರು, ನಾಯಿಯೂ ಅವರನ್ನು ನೋಡಿತು. ಬೆಲ್ಟ್ ಎಳೆದು ಸಿಕ್ಕಿಸಿಕೊಂಡರು.

ಹೆಬ್ಬೂರು ಹತ್ತಿರ ಇದ್ದಕ್ಕಿದ್ದಂತೆ ಕುರಿ ಹಿಂಡು ರಸ್ತೆಗೆ ನುಗ್ಗಿತು. ಗಂಡ ಬ್ರೇಕ್ ಒತ್ತಿದ ರಭಸಕ್ಕೆ ಸೀಟಿನ ಮೇಲಿದ್ದ ರಾಗಿ ಹಿಟ್ಟಿನ ಡಬ್ಬ ಮುಂದಕ್ಕೆ ಹಾರಿ ಗೇರಿನ ಹತ್ತಿರ ಬಿದ್ದು ಬಿಚ್ಚಿಕೊಂಡಿತು. ಮಾವನವರ ಮೀಸೆಯೆಲ್ಲ ಹಿಟ್ಟು. ನಾಯಿ ಮಾತ್ರ ಎದೆ ಮುಂದಕ್ಕೆ ಬಾಗಿ, ಪಟ್ಟಿ ತಡೆದು, ಮತ್ತೆ ಕೂತಲ್ಲೇ ಕೂತ. ಡಬ್ಬದ ಜಾಗದಲ್ಲಿ ಅವನು ಇದ್ದಿದ್ದರೆ ಅಂತ ಎಲ್ಲರಿಗೂ ಅನ್ನಿಸಿತು. ಆಮೇಲೆ ನನ್ನ ಗಂಡ ಹಿಂದಕ್ಕೆ ಕೈ ಚಾಚಿ ಅವನ ತಲೆ ಸವರಿ, “ಇನ್ನು ನಮ್ಮ ಜೊತೆ ಗುಬ್ಬಿಗೂ ಬಂದು ಹೋಗ್ಬೋದು ಬಿಡು” ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಹಿಟ್ಟು ಬಿತ್ತು ಅಂತ ಹೇಳಿ ಒರೆಸಿಕೊಂಡೆ.

ಆ ವಾರ ಗಂಡನಿಗೆ ಶನಿವಾರವೂ ಡ್ಯೂಟಿ. ನಾನು ಮತ್ತು ನಾಯಿ ಇಬ್ಬರೇ ಗುಬ್ಬಿಗೆ ಹೋದೆವು. ಅಮ್ಮ ಅವನನ್ನು ನೋಡಿ ಕೈ ಚಾಚಿದಳು, ಆದರೆ ಬಾಯಿ ತೆರೆಯಲಿಲ್ಲ. ಅವನೇ ಓಡಿ ಹೋಗಿ ಅವಳ ಸೀರೆಯ ನೆರಿಗೆಯಲ್ಲಿ ತಲೆ ತೂರಿಸಿದ. ವಾಸಿಯಾದ ಕಾಲನ್ನು ಅವಳು ಎಷ್ಟೋ ಹೊತ್ತು ನೀವುತ್ತ ಕೂತಳು. ಆ ಮಧ್ಯಾಹ್ನವೆಲ್ಲ ಅವನು ಅವಳ ಹಿಂದೆ ಹಿಂದೆ ತಿರುಗಿದ, ಅವಳು ಒಂದು ಸಲವೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ.

ಸಂಜೆ ಹೊರಟಾಗ ಅವನನ್ನು ಹಿಂದೆ ಕೂರಿಸಿ ಬೆಲ್ಟ್ ಹಾಕಿದೆ. ಹಿಂದಿನ ಕಿಟಕಿಯನ್ನು ಗಾಳಿಗೆ ಬೇಕಾದಷ್ಟೇ ಇಳಿಸಿ ಲಾಕ್ ಮಾಡಿದೆ. ಸಾರಿನ ಪುಡಿ, ನುಗ್ಗೆಕಾಯಿ ಎಲ್ಲ ಬಂತು. ಅಮ್ಮ ನನ್ನ ಕಿಟಕಿಗೆ ಬಂದು, “ಹೋಗ್ಬುಟ್ಟು ಬನ್ನಿ” ಅಂದಳು.

ನಾನು ಇಂಜಿನ್ ಆಫ್ ಮಾಡಿದೆ. “ಅಮ್ಮ, ಬೆಲ್ಟ್ ಹಾಕಿದೀನಿ. ಬಾ ಅನ್ನು.”

“ಬ್ಯಾಡ ಬುಡು.”

“ನೀನು ಅನ್ನೋವರೆಗೂ ನಾನು ಹೊರಡಲ್ಲ.”

“ಕತ್ತಲಾಗ್ತೈತೆ ಕಣೆ. ಹಟ ಮಾಡ್ಬ್ಯಾಡ.”

“ಆಗ್ಲಿ.”

ಅಮ್ಮ ನನ್ನನ್ನು ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿದಳು. ಆಮೇಲೆ ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿ, ಹಸು ಕಟ್ಟಿದ ಹಗ್ಗ ನೋಡುವ ಹಾಗೆ ಪಟ್ಟಿಯನ್ನು ಒಂದು ಸಲ ಜೋರಾಗಿ ಜಗ್ಗಿದಳು. ಬಕಲನ್ನು ಎಳೆದು ನೋಡಿದಳು. ಎದೆಯ ಬೆಲ್ಟಿನೊಳಗೆ ಬೆರಳು ತೂರಿಸಿ ನೋಡಿದಳು. ನನ್ನ ಗಂಡ ಕಾರ್ಖಾನೆಯಲ್ಲಿ ಅಷ್ಟು ಚೆನ್ನಾಗಿ ತಪಾಸಣೆ ಮಾಡುತ್ತಾರೋ ಇಲ್ಲವೋ. ಬಾಗಿಲು ಹಾಕಿ, ತಳ್ಳಿ ನೋಡಿ, ನನ್ನ ಕಿಟಕಿಗೆ ಬಂದಳು. ನನ್ನ ಬೆಲ್ಟನ್ನೂ ಒಮ್ಮೆ ಎಳೆದಳು. ನಾನು ಕಾರು ಸ್ಟಾರ್ಟ್ ಮಾಡಿದೆ. ಅವಳು ಹಿಂದೆ ಸರಿದು ಗೇಟು ಹಿಡಿದು ನಿಂತು, ತೀರಾ ಮೆಲ್ಲಗೆ ಹೇಳಿದಳು.

“ಹುಷಾರಾಗಿ ಹೋಗ್ಬುಟ್ಟು ಬಾ, ಮಗ.”

ಹಿಂದೆ ಅವನು ಚಿಮ್ಮಿ ಎದ್ದ. ಪಟ್ಟಿ ಅವನನ್ನು ಹಿಡಿದು ಕೂರಿಸಿತು. ಕುಯ್‌ಗುಡುತ್ತ, ಬಾಲದಿಂದ ಸೀಟನ್ನು ಬಡಿಯುತ್ತ ಗೇಟಿನ ಕಡೆಗೇ ನೋಡುತ್ತಿದ್ದ. ಎಷ್ಟೋ ವಾರಗಳ ಮೇಲೆ ಕೇಳಿದ ಆ ಮಾತಿಗೆ ನನಗೂ ಇಳಿದು ಅಮ್ಮನ ಹತ್ತಿರ ಓಡಬೇಕು ಅನ್ನಿಸಿತು. ಇಬ್ಬರಿಗೂ ಬೆಲ್ಟ್ ಹಾಕಿತ್ತು. ಇಬ್ಬರೂ ಇಳಿಯಲಿಲ್ಲ.